ಏರುವ ಷೇರಿನ ಹುಡುಕಾಟ: ದಿನದ ಪಟ್ಟಿ, ತಿಂಗಳ ಲೆಕ್ಕ

ಜೆ. ವೆಲ್ಸ್ ವೈಲ್ಡರ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅಮೆರಿಕದಲ್ಲಿ ಕೆಲಕಾಲ ರಿಯಲ್ ಎಸ್ಟೇಟ್ ವ್ಯವಹಾರ ಮಾಡಿ, ಆಮೇಲೆ ಸರಕು ಪೇಟೆಗೆ ಇಳಿದವರು. 1978ರಲ್ಲಿ ಅವರು ತಂದ ಒಂದೇ ಒಂದು ಪುಸ್ತಕದಿಂದ ಆರ್‌ಎಸ್‌ಐ, ಎಡಿಎಕ್ಸ್, ಎಟಿಆರ್, ಪ್ಯಾರಾಬೋಲಿಕ್ ಎಸ್‌ಎಆರ್ ಎಂಬ ನಾಲ್ಕು ಬೆಲೆ ಸೂಚಕಗಳೂ ಹೊರಬಂದವು. ಇಂದು ಷೇರು ವಹಿವಾಟಿನ ಯಾವ ಆ್ಯಪ್ ತೆರೆದರೂ ಈ ನಾಲ್ಕು ಹೆಸರು ಸಿಗುತ್ತವೆ. ಆದರೆ ಅವರು ಬರೆದ ಕಾಲದಲ್ಲಿ ಬಹುತೇಕ ಮನೆಗಳಲ್ಲಿ ಕಂಪ್ಯೂಟರ್ ಇರಲಿಲ್ಲ. ಓದುಗರು ಕ್ಯಾಲ್ಕುಲೇಟರ್ ಹಿಡಿದು ತಾವೇ ಲೆಕ್ಕ ಹಾಕಲಿ ಎಂದು ಕಾಲಂ ಎಳೆದ ಹಾಳೆಗಳ ಮಾದರಿಯನ್ನೂ ಪುಸ್ತಕದಲ್ಲಿ ಕೊಟ್ಟಿದ್ದರು. ದಿನದ ಮುಕ್ತಾಯದ ಬೆಲೆ ಒಂದು ಕಾಲಂನಲ್ಲಿ, ಏರಿಕೆ ಮತ್ತೊಂದರಲ್ಲಿ, ಇಳಿಕೆ ಮಗದೊಂದರಲ್ಲಿ. ಹೀಗೆ ಕೈಲೆಕ್ಕ ಮಾಡುವ ಮನುಷ್ಯ ದಿನಕ್ಕೆ ನಾಲ್ಕಾರು ಸರಕುಗಳನ್ನಷ್ಟೇ ನೋಡಬಲ್ಲ. ತಾನು ದಿನವೂ ಗಮನಿಸುವ ಗೋಧಿಯದೋ ತಾಮ್ರದ್ದೋ ಓಟ ಬಿರುಸಾಗಿದೆಯೇ, ಸುಸ್ತಾಗಿದೆಯೇ ಎಂದು ತಿಳಿಯಲು ಅವನಿಗೆ ಆರ್‌ಎಸ್‌ಐಯ ಅಂಕಿ ಬೇಕಿತ್ತು.

ಈಗ ನಮ್ಮ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ, ಅಂದರೆ ಎನ್‌ಎಸ್‌ಇಯಲ್ಲಿ, ಎರಡು ಸಾವಿರಕ್ಕೂ ಹೆಚ್ಚು ಕಂಪನಿಗಳಿವೆ. ಅಷ್ಟರ ಆರ್‌ಎಸ್‌ಐಯನ್ನೂ ಮೊಬೈಲ್ ಕ್ಷಣದಲ್ಲಿ ಲೆಕ್ಕ ಹಾಕಿ, 60 ದಾಟಿದವನ್ನು ಸೋಸಿ ಪಟ್ಟಿ ಕೊಡುತ್ತದೆ. ಚಾರ್ಟಿಂಕ್, ಟ್ರೇಡಿಂಗ್‌ವ್ಯೂ, ಬ್ರೋಕರ್‌ಗಳ ಆ್ಯಪ್‌ನೊಳಗಿನ ಸ್ಕ್ಯಾನರ್ ಎಲ್ಲ ಮಾಡುವುದೂ ಇದನ್ನೇ. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚಿದ್ದೇ ತಡ, ಟೆಲಿಗ್ರಾಂ ಗುಂಪುಗಳಲ್ಲಿ ‘ನಾಳೆಯ ಬ್ರೇಕ್‌ಔಟ್ ಷೇರುಗಳು’ ಹರಿದಾಡತೊಡಗುತ್ತವೆ. ಹುಬ್ಬಳ್ಳಿ, ದಾವಣಗೆರೆ, ಮಂಗಳೂರು ಎನ್ನದೆ ಎಲ್ಲೆಡೆ ಸಂಬಳ ಕಂಡ ಹೊಸತರಲ್ಲೇ ಡಿಮ್ಯಾಟ್ ಖಾತೆ ತೆರೆದ ಹುಡುಗ ಹುಡುಗಿಯರು ಆ ಪಟ್ಟಿಗಾಗಿ ಕಾಯುತ್ತಾರೆ. ಅವರಿಗೆ ಒಂದು ಮಾತು ಹೇಳಬೇಕು ಅನ್ನಿಸಿಯೇ ಇದನ್ನು ಬರೆಯುತ್ತಿದ್ದೇನೆ. ಏರುವ ಷೇರು ಇನ್ನೂ ಏರುತ್ತದೆ ಎಂಬ ಮಾತಿಗೆ ಗಟ್ಟಿ ಪುರಾವೆ ಇದೆ. ಆದರೆ ಆ ಪುರಾವೆ ಇರುವುದು ತಿಂಗಳುಗಳ ಲೆಕ್ಕದಲ್ಲಿ. ನಮ್ಮ ಸ್ಕ್ಯಾನರ್‌ಗಳು ಹುಡುಕುತ್ತಿರುವುದು ದಿನಗಳ ಲೆಕ್ಕದಲ್ಲಿ.

ಆರ್‌ಎಸ್‌ಐ ನಿಜಕ್ಕೂ ಏನನ್ನು ಅಳೆಯುತ್ತದೆ?

ಸೂತ್ರವನ್ನು ನೋಡಿದರೆ ಕಠಿಣ ಎನಿಸುತ್ತದೆ, ಒಳಗಿರುವುದು ಸರಳ ಶೇಕಡಾವಾರು. ಒಂದು ಷೇರು ಕಳೆದ 14 ದಿನಗಳಲ್ಲಿ ಏರಿದ ದಿನಗಳಲ್ಲೆಲ್ಲ ಸೇರಿ ₹42 ಏರಿತು, ಇಳಿದ ದಿನಗಳಲ್ಲೆಲ್ಲ ಸೇರಿ ₹18 ಇಳಿಯಿತು ಎಂದುಕೊಳ್ಳಿ. ಒಟ್ಟು ಓಡಾಟ ₹60. ಅದರಲ್ಲಿ ಏರಿಕೆಯ ಪಾಲು 42. ಅರವತ್ತರಲ್ಲಿ ನಲವತ್ತೆರಡು ಎಂದರೆ ಶೇ 70. ಆರ್‌ಎಸ್‌ಐ 70 ಎಂದರೆ ಇಷ್ಟೇ. ಕಂಪನಿಯ ಲಾಭ, ಸಾಲ, ಆರ್ಡರ್ ಯಾವುದೂ ಅದರಲ್ಲಿಲ್ಲ. ಪಕ್ಕದ ಷೇರು ಹೇಗಿದೆ, ನಿಫ್ಟಿ ಎತ್ತ ಹೊರಟಿದೆ ಎಂಬುದೂ ಇಲ್ಲ. ತನ್ನದೇ ಹದಿನಾಲ್ಕು ದಿನಗಳ ಚರಿತ್ರೆ ಬಿಟ್ಟು ಬೇರೇನೂ ಅದಕ್ಕೆ ಗೊತ್ತಿಲ್ಲ.

ಇನ್ನೊಂದು ಸಣ್ಣ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ವೈಲ್ಡರ್ ಮೊದಲ ಸಲವಷ್ಟೇ ನೇರ ಸರಾಸರಿ ತೆಗೆಯುತ್ತಾರೆ. ಮಾರನೆಯ ದಿನದಿಂದ ಹಳೆಯ ಸರಾಸರಿಯನ್ನು 13ರಿಂದ ಗುಣಿಸಿ, ಹೊಸ ದಿನದ ಅಂಕಿ ಕೂಡಿಸಿ, 14ರಿಂದ ಭಾಗಿಸುತ್ತಾರೆ. ಹೀಗಾಗಿ ಹಳೆಯ ದಿನಗಳ ನೆರಳು ಪೂರ್ತಿ ಅಳಿಯುವುದೇ ಇಲ್ಲ. ಒಂದು ತಂತ್ರಾಂಶ ಒಂದು ವರ್ಷದ ಬೆಲೆ ತೆಗೆದುಕೊಂಡು ಲೆಕ್ಕ ಹಾಕಿದರೆ, ಇನ್ನೊಂದು ಬರೀ ಒಂದು ತಿಂಗಳದ್ದು ತೆಗೆದುಕೊಂಡಿದ್ದರೆ, ಅದೇ ಷೇರಿಗೆ ಅದೇ ದಿನ ಎರಡು ಬೇರೆ ಅಂಕಿ ಬರುತ್ತವೆ. ‘ನನ್ನ ಆ್ಯಪ್‌ನಲ್ಲಿ 61 ತೋರಿಸ್ತಿದೆ, ನಿನ್ನದರಲ್ಲಿ 58 ಯಾಕೆ’ ಎಂಬ ಜಗಳಕ್ಕೆ ಬಹುಪಾಲು ಇದೇ ಕಾರಣ. 60ರ ಗೆರೆ ದಾಟಿತೋ ಇಲ್ಲವೋ ಎಂಬುದರ ಮೇಲೆ ದುಡ್ಡು ಹಾಕುವವರು ಇದನ್ನು ತಿಳಿದಿರಲೇಬೇಕು.

70 ದಾಟಿದರೆ ‘ಓವರ್‌ಬಾಟ್’, ಮಾರು. 30ರ ಕೆಳಗೆ ಹೋದರೆ ‘ಓವರ್‌ಸೋಲ್ಡ್’, ಕೊಳ್ಳು ಎಂದು ಪಾಠ ಮಾಡುವವರು ಈಗಲೂ ಇದ್ದಾರೆ. ಒಂದು ಬೆಲೆಮಿತಿಯೊಳಗೇ ಮೇಲೆ ಕೆಳಗೆ ಆಡುವ ಷೇರಿಗೆ ಇದು ಸರಿಹೋಗಬಹುದು. ಜೋರಾಗಿ ಏರುತ್ತಿರುವ ಷೇರಿನ ಆರ್‌ಎಸ್‌ಐ ವಾರಗಟ್ಟಲೆ 70ರ ಮೇಲೆಯೇ ಇರಬಲ್ಲದು. ಆ ಪಾಠ ನಂಬಿದವರು ದೊಡ್ಡ ಏರಿಕೆಯ ಮೊದಲ ಮೆಟ್ಟಿಲಲ್ಲೇ ಇಳಿದುಬಿಡುತ್ತಾರೆ. ಇದಕ್ಕೆ ವಿರುದ್ಧವಾಗಿ ನಮ್ಮ ದೇಶದ ಟ್ರೇಡರ್‌ಗಳಲ್ಲಿ ಬಳಕೆಯಲ್ಲಿರುವುದು ಅಜ್ಜ, ಅಪ್ಪ, ಮಗ ಎಂಬ ವಿಧಾನ. ತಿಂಗಳ ಚಾರ್ಟಿನ ಆರ್‌ಎಸ್‌ಐ ಅಜ್ಜ, ವಾರದ್ದು ಅಪ್ಪ, ದಿನದ್ದು ಮಗ. ಅಜ್ಜ, ಅಪ್ಪ ಇಬ್ಬರೂ 60ರ ಮೇಲಿದ್ದು, ಮಗ ಮಾತ್ರ 40ರ ಹತ್ತಿರ ಇಳಿದು ಮತ್ತೆ ತಲೆ ಎತ್ತಿದಾಗ ಕೊಳ್ಳಬೇಕು. ನನಗೆ ಈ ವಿಧಾನದಲ್ಲಿ ಮೆಚ್ಚುಗೆಯಾಗುವುದು ಮಗನ ತುಂಟಾಟವಲ್ಲ, ಅಜ್ಜನಿಗೆ ಕೊಟ್ಟ ಜಾಗ. ತಿಂಗಳ ಚಾರ್ಟಿನ 14 ಘಟ್ಟಗಳು ಎಂದರೆ ವರ್ಷಕ್ಕಿಂತ ತುಸು ಹೆಚ್ಚು. ಪುರಾವೆ ಇರುವ ಅವಧಿಯ ಹತ್ತಿರ ಬರುವುದು ಅದೊಂದೇ.

ಮೂರು ಸೂಚಕ, ಒಂದೇ ಬಾಯಿ

ಸ್ಕ್ಯಾನರ್ ಕೈಗೆ ಸಿಕ್ಕ ಹೊಸತರಲ್ಲಿ ಎಲ್ಲರೂ ಮಾಡುವುದು ಷರತ್ತು ಪೇರಿಸುವ ಕೆಲಸ. ಆರ್‌ಎಸ್‌ಐ 60ರ ಮೇಲಿರಬೇಕು, ಮ್ಯಾಕ್‌ಡಿ ಗೆರೆ ಸಿಗ್ನಲ್ ಗೆರೆಯನ್ನು ದಾಟಿರಬೇಕು, ಸ್ಟೊಕಾಸ್ಟಿಕ್ ಮೇಲ್ಮುಖವಾಗಿರಬೇಕು. ಮೂರೂ ಒಪ್ಪಿದವು ಎಂದರೆ ಖಚಿತ ಎಂಬ ಧೈರ್ಯ ಬರುತ್ತದೆ. ಆದರೆ ಮೂರೂ ಹುಟ್ಟುವುದು ಮೂಲತಃ ಒಂದೇ ಷೇರಿನ ಬೆಲೆಗಳ ಸಾಲಿನಿಂದ. ಬೆಲೆ ಹತ್ತು ದಿನ ಏರಿದ್ದರೆ ಮೂರೂ ಹೌದು ಎನ್ನುತ್ತವೆ, ಇಳಿದಿದ್ದರೆ ಮೂರೂ ಇಲ್ಲ ಎನ್ನುತ್ತವೆ. ಒಬ್ಬನೇ ಸಾಕ್ಷಿ ಮೂರು ಹೆಸರಿನಲ್ಲಿ ಕೋರ್ಟಿಗೆ ಬಂದು ಅದೇ ಹೇಳಿಕೆ ಕೊಟ್ಟಂತೆ ಇದು. ಬೇರೆ ಸಾಕ್ಷಿ ಬೇಕೆಂದರೆ ಬೇರೆ ಕಡೆಯೇ ನೋಡಬೇಕು: ಎಷ್ಟು ಷೇರು ಕೈಬದಲಾಯಿತು, ಅದರಲ್ಲಿ ಅದೇ ದಿನ ಮಾರದೆ ಡೆಲಿವರಿಗೆ ಹೋದದ್ದೆಷ್ಟು, ಅದೇ ವಲಯದ ಉಳಿದ ಕಂಪನಿಗಳು ಏನು ಮಾಡುತ್ತಿವೆ, ತ್ರೈಮಾಸಿಕ ಲಾಭ ಏರಿದೆಯೇ. ಎನ್‌ಎಸ್‌ಇ ಪ್ರತಿ ಸಂಜೆ ಪ್ರಕಟಿಸುವ ಭಾವ್‌ಕಾಪಿಯಲ್ಲಿ ಬೆಲೆ, ಪ್ರಮಾಣದ ವಿವರವೂ ಅದರ ಜತೆಯ ಕಡತದಲ್ಲಿ ಡೆಲಿವರಿಯ ವಿವರವೂ ಉಚಿತವಾಗಿ ಸಿಗುತ್ತವೆ. ಅದನ್ನು ತೆರೆದು ನೋಡುವವರು ಕಡಿಮೆ.

ಮ್ಯಾಕ್‌ಡಿಯದು ಇನ್ನೊಂದು ತೊಡಕು. 1970ರ ದಶಕದ ಕೊನೆಯಲ್ಲಿ ಜೆರಾಲ್ಡ್ ಅಪೆಲ್ ರೂಪಿಸಿದ ಇದು 12 ದಿನಗಳ ಸರಾಸರಿಯಿಂದ 26 ದಿನಗಳ ಸರಾಸರಿಯನ್ನು ಕಳೆದು ಬರುವ ಅಂಕಿ. ಸರಾಸರಿಗಳು ರೂಪಾಯಿಯಲ್ಲಿರುವುದರಿಂದ ಉತ್ತರವೂ ರೂಪಾಯಿಯಲ್ಲೇ ಬರುತ್ತದೆ. 2023ರ ಜೂನ್‌ನಲ್ಲಿ ಎಂಆರ್‌ಎಫ್ ಷೇರು ಒಂದು ಲಕ್ಷ ರೂಪಾಯಿ ದಾಟಿತು. ಅದರಲ್ಲಿ ಶೇ 1ರಷ್ಟು ವ್ಯತ್ಯಾಸ ಎಂದರೇ ಸಾವಿರ ರೂಪಾಯಿ. ₹50ರ ಷೇರಿನಲ್ಲಿ ಅದೇ ಶೇ 1 ಎಂದರೆ ಐವತ್ತು ಪೈಸೆ. ಮ್ಯಾಕ್‌ಡಿ ಹೆಚ್ಚಿರುವ ಷೇರು ಮೇಲೆ ಬರುವಂತೆ ಪಟ್ಟಿ ಜೋಡಿಸಿದವರಿಗೆ ಸಿಗುವುದು ದುಬಾರಿ ಷೇರುಗಳ ಪಟ್ಟಿ, ವೇಗದ ಷೇರುಗಳದ್ದಲ್ಲ. ಗೆರೆ ದಾಟಿತೇ ಇಲ್ಲವೇ ಎಂದು ಒಂದು ಷೇರಿನೊಳಗೆ ನೋಡುವುದಾದರೆ ತೊಂದರೆಯಿಲ್ಲ. ಷೇರು ಷೇರುಗಳ ನಡುವೆ ಹೋಲಿಸಬೇಕೆಂದರೆ ಆ ವ್ಯತ್ಯಾಸವನ್ನು ಶೇಕಡಾವಾರಿಗೆ ತಂದುಕೊಳ್ಳಬೇಕು. ಪಿಪಿಒ ಎಂಬ ಸೂಚಕ ಮಾಡುವುದು ಅದನ್ನೇ, ಬಹುತೇಕ ಸ್ಕ್ಯಾನರ್‌ಗಳಲ್ಲಿ ಅದು ಸಿಗುತ್ತದೆ.

ಪುರಾವೆ ಎಲ್ಲಿದೆ?

ಭಾರತ ಮೂಲದ ನರಸಿಂಹನ್ ಜಗದೀಶ್ ಮತ್ತು ಶೆರಿಡನ್ ಟಿಟ್‌ಮನ್ 1993ರಲ್ಲಿ ‘ಜರ್ನಲ್ ಆಫ್ ಫೈನಾನ್ಸ್’ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. 1965ರಿಂದ 1989ರವರೆಗಿನ ಅಮೆರಿಕದ ಷೇರುಗಳನ್ನು ತೆಗೆದುಕೊಂಡು, ಹಿಂದಿನ ಆರು ತಿಂಗಳಲ್ಲಿ ಹೆಚ್ಚು ಏರಿದವನ್ನು ಕೊಂಡು, ಹೆಚ್ಚು ಬಿದ್ದವನ್ನು ಶಾರ್ಟ್ ಮಾಡಿ, ಆರು ತಿಂಗಳು ಇಟ್ಟುಕೊಂಡರೆ ಏನಾಗುತ್ತಿತ್ತು ಎಂದು ಅವರು ನೋಡಿದರು. ವರ್ಷಕ್ಕೆ ಸರಾಸರಿ ಶೇ 12ರಷ್ಟು ಹೆಚ್ಚುವರಿ ಲಾಭ ಕಂಡಿತು. ಪೇಟೆಯ ಹಳೆಯ ಬೆಲೆಯಿಂದ ಮುಂದಿನದನ್ನು ಊಹಿಸಲಾಗದು ಎಂದು ನಂಬಿಕೊಂಡಿದ್ದ ವಿದ್ವಾಂಸರ ಲೋಕಕ್ಕೆ ಇದು ದೊಡ್ಡ ಇರಿಸುಮುರಿಸು. ಆಮೇಲೆ ಬೇರೆ ದೇಶಗಳಲ್ಲಿ, ಬೇರೆ ಕಾಲಗಳಲ್ಲಿ ಇದನ್ನು ಮತ್ತೆ ಮತ್ತೆ ಪರೀಕ್ಷಿಸಿದ್ದಾರೆ. ಬಹುತೇಕ ಕಡೆ ಅದು ನಿಂತಿದೆ. ಏರುವುದು ಇನ್ನೂ ಏರುವ ಈ ಗುಣವನ್ನೇ ಮೊಮೆಂಟಮ್ ಎನ್ನುವುದು.

ಆದರೆ ಅದರ ಅಕ್ಕಪಕ್ಕದ ಎರಡು ಫಲಿತಾಂಶಗಳನ್ನು ಸ್ಕ್ಯಾನ್ ಮಾಡುವವರು ಗಮನಿಸುವುದಿಲ್ಲ. ಇದೇ ಜಗದೀಶ್ 1990ರಲ್ಲಿ ತೋರಿಸಿದ್ದು: ಕಳೆದ ಒಂದು ತಿಂಗಳಲ್ಲಿ ಹೆಚ್ಚು ಏರಿದ ಷೇರುಗಳು ಮುಂದಿನ ತಿಂಗಳು ಹಿಂದೆ ಬೀಳುವ ಕಡೆಗೇ ವಾಲುತ್ತವೆ. ಅದಕ್ಕೂ ಮೊದಲು, 1985ರಲ್ಲಿ, ಡಿ ಬಾಂಟ್ ಮತ್ತು ರಿಚರ್ಡ್ ಥೇಲರ್ ತೋರಿಸಿದ್ದು: ಮೂರರಿಂದ ಐದು ವರ್ಷ ಮೆರೆದ ಷೇರುಗಳು ಆಮೇಲೆ ಸೊರಗುತ್ತವೆ, ಸೊರಗಿದ್ದವು ಚೇತರಿಸಿಕೊಳ್ಳುತ್ತವೆ. ಅಂದರೆ ಒಂದು ತಿಂಗಳೊಳಗೆ ಹಿಮ್ಮುಖ, ಮೂರರಿಂದ ಹನ್ನೆರಡು ತಿಂಗಳವರೆಗೆ ಮುಮ್ಮುಖ, ಮೂರು ವರ್ಷ ದಾಟಿದರೆ ಮತ್ತೆ ಹಿಮ್ಮುಖ. ಇವತ್ತು ಶೇ 8 ಜಿಗಿದ ಷೇರುಗಳನ್ನು ಹುಡುಕಿ ನಾಳೆ ಬೆಳಿಗ್ಗೆ ಕೊಳ್ಳುವವರು ಕೈ ಹಾಕುತ್ತಿರುವುದು ಮೊದಲನೆಯ ಅವಧಿಗೆ, ಅಂದರೆ ಗಾಳಿ ಎದುರಿಗೆ ಬೀಸುವ ಕಡೆಗೆ. ಅದಕ್ಕೇ ಸಂಶೋಧಕರು ಹನ್ನೆರಡು ತಿಂಗಳ ಲಾಭ ಲೆಕ್ಕ ಹಾಕುವಾಗ ಕೊನೆಯ ಒಂದು ತಿಂಗಳನ್ನು ಬಿಟ್ಟುಬಿಡುವುದು ವಾಡಿಕೆ.

ಅದ್ಯಾಕೆ ತಿಂಗಳುಗಳವರೆಗೆ ಏರಿಕೆ ಮುಂದುವರಿಯುತ್ತದೆ? ಒಂದು ವಿವರಣೆ, ಸುದ್ದಿ ಬೆಲೆಯೊಳಗೆ ನಿಧಾನವಾಗಿ ಇಳಿಯುತ್ತದೆ ಎಂಬುದು. ಇನ್ನೊಂದು ನಮ್ಮ ಮನೆಗಳಲ್ಲೇ ಕಾಣುವ ಸ್ವಭಾವ: ಸ್ವಲ್ಪ ಲಾಭ ಬಂದರೆ ‘ಸಾಕು, ಮಾರಿಬಿಡೋಣ’ ಎನ್ನುತ್ತೇವೆ, ನಷ್ಟವಾದರೆ ‘ಇರಲಿ ಬಿಡು, ಇವತ್ತಲ್ಲ ನಾಳೆ ಬರುತ್ತೆ’ ಎಂದು ಕೂರುತ್ತೇವೆ. ಷೆಫ್ರಿನ್ ಮತ್ತು ಸ್ಟಾಟ್‌ಮನ್ ಎಂಬ ಇಬ್ಬರು 1985ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಒಳ್ಳೆಯ ಷೇರನ್ನು ಬೇಗ ಮಾರುವವರು ಇರುವಷ್ಟು ದಿನ ಅದರ ಬೆಲೆ ತಲುಪಬೇಕಾದ ಜಾಗವನ್ನು ನಿಧಾನವಾಗಿಯೇ ತಲುಪುತ್ತದೆ. ತಿಂಗಳುಗಟ್ಟಲೆ ಕಾಯಬಲ್ಲವರಿಗೆ ಸಿಗುವುದು ಆ ನಿಧಾನದ ಫಲ.

ಬೆಂಗಳೂರಿನ ಸರ್ಕಾರಿ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2018ರ ಮಾರ್ಚ್‌ನಲ್ಲಿ ₹1,215ರಿಂದ ₹1,240ರ ದರಪಟ್ಟಿಯಲ್ಲಿ ಐಪಿಒಗೆ ಬಂದ ಷೇರು, ಪೇಟೆಗೆ ಕಾಲಿಟ್ಟ ದಿನವೇ ಆ ಬೆಲೆಗಿಂತ ಕೆಳಗಿತ್ತು. 2019ರ ಜನವರಿಯಲ್ಲಿ ಸಂಬಳ ಕೊಡಲು ಕಂಪನಿ ಸಾಲ ಮಾಡಿತು ಎಂಬುದು ದೇಶದ ಸುದ್ದಿಯಾಯಿತು. 2020ರ ಮಾರ್ಚ್‌ನ ಕೋವಿಡ್ ಕುಸಿತದಲ್ಲಿ ಬೆಲೆ ₹500ಕ್ಕಿಂತ ಕೆಳಗೆ ಹೋಯಿತು. 2021ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ 83 ತೇಜಸ್ ಯುದ್ಧವಿಮಾನಗಳಿಗೆ ಸುಮಾರು ₹48,000 ಕೋಟಿಯ ಒಪ್ಪಂದಕ್ಕೆ ಸಹಿ ಬಿತ್ತು. ಮುಚ್ಚುಮರೆಯಿಲ್ಲದ ಸುದ್ದಿ, ಎಲ್ಲ ಪತ್ರಿಕೆಗಳ ಮುಖಪುಟ. ಆದರೂ ಆ ವರ್ಷದ ಕೊನೆಗೆ ಷೇರು ಇನ್ನೂ ಐಪಿಒ ಬೆಲೆಯ ಆಸುಪಾಸಿನಲ್ಲೇ ಇತ್ತು. ದೊಡ್ಡ ಏರಿಕೆ ಬಂದದ್ದು 2022ರಿಂದ 2024ರ ನಡುವೆ. ಉಕ್ರೇನ್ ಯುದ್ಧ, ಸ್ವದೇಶಿ ಖರೀದಿಯ ನೀತಿ, ಇನ್ನಷ್ಟು ಆರ್ಡರ್‌ಗಳು, ಎಲ್ಲದರ ಕೊಡುಗೆಯೂ ಅದರಲ್ಲಿದೆ. 2024ರ ಜುಲೈಯಲ್ಲಿ ಬೆಲೆ ₹5,600 ದಾಟಿತು, ಅದೂ ಒಂದು ಷೇರು ಎರಡಾದ ಮೇಲೆ. ಸಾಲ ಮಾಡಿ ಸಂಬಳ ಕೊಟ್ಟ ಕಂಪನಿ ಎಂಬ ಹಳೆಯ ಚಿತ್ರವನ್ನು ಪೇಟೆ ಮನಸ್ಸಿನಿಂದ ಅಳಿಸಲು ವರ್ಷಗಳನ್ನೇ ತೆಗೆದುಕೊಂಡಿತು. ಆರು, ಹನ್ನೆರಡು ತಿಂಗಳ ಏರಿಕೆಯನ್ನು ಅಳೆದವರಿಗೆ ಆ ದಾರಿಯಲ್ಲಿ ಹತ್ತಿಕೊಳ್ಳಲು ಹಲವು ನಿಲ್ದಾಣಗಳು ಸಿಕ್ಕವು.

ಡೇಟಾದ ಸುಳ್ಳು, ಮನುಷ್ಯರ ಸುಳ್ಳು

ಅದೇ ಎಚ್‌ಎಎಲ್ ಸ್ಕ್ಯಾನರ್‌ಗೆ ಇನ್ನೊಂದು ಪಾಠವನ್ನೂ ಕಲಿಸುತ್ತದೆ. 2023ರ ಸೆಪ್ಟೆಂಬರ್ ಕೊನೆಗೆ ₹10 ಮುಖಬೆಲೆಯ ಒಂದು ಷೇರು ₹5ರ ಎರಡಾಗಿ ವಿಭಜನೆಯಾಯಿತು. ಹಿಂದಿನ ದಿನದ ಬೆಲೆಗೆ ಹೋಲಿಸಿದರೆ ಒಂದೇ ರಾತ್ರಿಯಲ್ಲಿ ಅರ್ಧಕ್ಕರ್ಧ. ಷೇರುದಾರರಿಗೆ ಒಂದು ಪೈಸೆಯ ನಷ್ಟವಿಲ್ಲ. ಆದರೆ ಹಳೆಯ ಬೆಲೆಗಳನ್ನು ಸರಿಪಡಿಸದ ಡೇಟಾದ ಮೇಲೆ ಸ್ಕ್ಯಾನ್ ಓಡಿಸಿದರೆ ಆರ್‌ಎಸ್‌ಐ ಪಾತಾಳಕ್ಕೆ ಇಳಿದಿರುತ್ತದೆ, 200 ದಿನಗಳ ಸರಾಸರಿ ಎಲ್ಲೋ ಆಕಾಶದಲ್ಲಿರುತ್ತದೆ. ಬೆಂಗಳೂರಿನದೇ ಬಿಇಎಲ್ 2022ರ ಸೆಪ್ಟೆಂಬರ್‌ನಲ್ಲಿ ಒಂದಕ್ಕೆ ಎರಡು ಬೋನಸ್ ಕೊಟ್ಟಾಗ ಬೆಲೆ ಮೂರನೇ ಒಂದಕ್ಕೆ ಬಂತು. ಕೆನರಾ ಬ್ಯಾಂಕ್ 2024ರ ಮೇನಲ್ಲಿ ₹10ರ ಷೇರನ್ನು ₹2ರ ಐದು ಮಾಡಿದಾಗ ಐದನೇ ಒಂದಕ್ಕೆ. ಭಾವ್‌ಕಾಪಿ ಇಳಿಸಿಕೊಂಡು ತಾವೇ ಎಕ್ಸೆಲ್‌ನಲ್ಲೋ ಪೈಥಾನ್‌ನಲ್ಲೋ ಲೆಕ್ಕ ಹಾಕುವ ಹುಡುಗರು ಮೊದಲು ಪರೀಕ್ಷಿಸಬೇಕಾದದ್ದು ಇಂಥ ದಿನಾಂಕಗಳನ್ನೇ. ಆ ಮೂರು ದಿನಗಳಲ್ಲಿ ಗ್ರಾಫ್ ಮುರಿದಿದ್ದರೆ ಉಳಿದ ಲೆಕ್ಕವನ್ನೆಲ್ಲ ಬದಿಗಿಡಿ.

ಡೇಟಾದ ಸುಳ್ಳನ್ನು ತಿದ್ದಬಹುದು. ಮನುಷ್ಯರು ಹೆಣೆಯುವ ಸುಳ್ಳು ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ದಿನವೂ ಅಪ್ಪರ್ ಸರ್ಕ್ಯೂಟ್, ಅಂದರೆ ಆ ದಿನದ ಏರಿಕೆಯ ಗರಿಷ್ಠ ಮಿತಿ, ತಾಗುವ ಸಣ್ಣ ಷೇರಿನ ಆರ್‌ಎಸ್‌ಐ 90 ದಾಟಿರುತ್ತದೆ. ಇಳಿದ ದಿನವೇ ಇಲ್ಲವಾದ್ದರಿಂದ ಏರಿಕೆಯ ಪಾಲು ನೂರರ ಸಮೀಪ. ಸ್ಕ್ಯಾನರ್ ಅದನ್ನು ಪಟ್ಟಿಯ ತುದಿಗೆ ಹಾಕುತ್ತದೆ. ಷೇರನ್ನು ಏರಿಸಿ ಅಮಾಯಕರ ತಲೆಗೆ ಕಟ್ಟುವವರಿಗೆ ಇದು ಚೆನ್ನಾಗಿ ಗೊತ್ತು. ಮೊದಲು ತಮ್ಮೊಳಗೇ ಕೊಂಡು ಮಾರಿ ಬೆಲೆ, ಪ್ರಮಾಣ ಎರಡನ್ನೂ ಉಬ್ಬಿಸಿದರೆ ಸಾಕು, ಮಿಕ್ಕ ಪ್ರಚಾರವನ್ನು ಸಾವಿರಾರು ಸ್ಕ್ಯಾನರ್‌ಗಳು ಪುಕ್ಕಟೆ ಮಾಡಿಕೊಡುತ್ತವೆ. ಸಾಧನಾ ಬ್ರಾಡ್‌ಕಾಸ್ಟ್ ಷೇರಿನ ಬಗ್ಗೆ ಯೂಟ್ಯೂಬ್‌ನಲ್ಲಿ ಸುಳ್ಳು ವಿಡಿಯೊ ಹಾಕಿ ಬೆಲೆ ಏರಿಸಿದ ಪ್ರಕರಣದಲ್ಲಿ ಷೇರುಪೇಟೆ ನಿಯಂತ್ರಕ ಸೆಬಿ 2023ರ ಮಾರ್ಚ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿತ್ತು. ವಿಡಿಯೊ ಬಂದ ಕಾಲದ ಚಾರ್ಟನ್ನು ಯಾವ ಸೂಚಕದಿಂದ ನೋಡಿದರೂ ಅದು ‘ಬಲವಾದ ಮೊಮೆಂಟಮ್’ ಎಂದೇ ಕಾಣುತ್ತಿತ್ತು.

ಆದ್ದರಿಂದ ಸ್ಕ್ಯಾನ್‌ನ ಮೊದಲ ಸಾಲಿನಲ್ಲಿ ಆರ್‌ಎಸ್‌ಐ ಇರಬಾರದು, ವಹಿವಾಟಿನ ಮೊತ್ತ ಇರಬೇಕು. ಷೇರುಗಳ ಸಂಖ್ಯೆಯನ್ನು ನಂಬಿ ಕೂರಬೇಡಿ; ₹2ರ ಷೇರು ಹತ್ತು ಲಕ್ಷ ಕೈಬದಲಾದರೂ ಅದು ಇಪ್ಪತ್ತು ಲಕ್ಷ ರೂಪಾಯಿಯ ವ್ಯಾಪಾರ. ಕಳೆದ ಆರು ತಿಂಗಳ ಸರಾಸರಿ ದಿನವಹಿ ವಹಿವಾಟು ಇಂತಿಷ್ಟು ಕೋಟಿಗಿಂತ ಹೆಚ್ಚಿರಲಿ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಎಎಸ್‌ಎಂ, ಜಿಎಸ್‌ಎಂ ಎಂಬ ವಿಶೇಷ ನಿಗಾ ಪಟ್ಟಿಯಲ್ಲಿರುವವನ್ನು ತೆಗೆದುಹಾಕಿ. ಇದು ಬೇಡವೆನಿಸಿದರೆ ನಿಫ್ಟಿ 200 ಅಥವಾ ನಿಫ್ಟಿ 500ರೊಳಗೇ ಹುಡುಕಿದರೂ ಆದೀತು. ದೊಡ್ಡ ಕಂಪನಿಗಳಲ್ಲಿ ಲಾಭ ಕಡಿಮೆ ಎಂದು ಹೀಗಳೆಯುವವರ ಮಾತು ಕೇಳಬೇಡಿ. ಮಾರಬೇಕೆಂದ ದಿನ ಕೊಳ್ಳುವವರಿಲ್ಲದ ಷೇರಿನ ಲಾಭ ಕಾಗದದ ಮೇಲಷ್ಟೇ ಇರುತ್ತದೆ.

ಹಳೆಯ ಡೇಟಾದಲ್ಲಿ ಪರೀಕ್ಷಿಸಿ ನೋಡುವ ಅಭ್ಯಾಸ ಈಚೆಗೆ ಹೆಚ್ಚಿದೆ, ಅದು ಸಂತೋಷದ ವಿಷಯ. ನನ್ನ ಅಕ್ಕನ ಮಗ ಒಮ್ಮೆ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ.

‘ಮಾವ, ಹದಿನೈದು ವರ್ಷದ ಡೇಟಾದಲ್ಲಿ ಟೆಸ್ಟ್ ಮಾಡಿದೀನಿ. ನಿಫ್ಟಿಗಿಂತ ಎಷ್ಟೋ ಮುಂದಿದೆ ನೋಡು.’

‘ಯಾವ ಕಂಪನಿಗಳ ಮೇಲೆ ಮಾಡ್ದೆ?’

‘ನಿಫ್ಟಿ 200ರ ಮೇಲೆ.’

‘ಇವತ್ತಿನ ನಿಫ್ಟಿ 200ರ ಮೇಲೋ, ಆಯಾ ವರ್ಷದ್ದರ ಮೇಲೋ?’

ಅವನು ಇವತ್ತಿನ ಪಟ್ಟಿಯನ್ನೇ ತೆಗೆದುಕೊಂಡಿದ್ದ. ಇವತ್ತು ಆ ಪಟ್ಟಿಯಲ್ಲಿರುವವು ಹದಿನೈದು ವರ್ಷ ಬದುಕಿ ಉಳಿದು ಬೆಳೆದ ಕಂಪನಿಗಳು. 2012ರಲ್ಲಿ ಹಾರಾಟ ನಿಲ್ಲಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್, ಮುಳುಗಿಹೋದ ಡಿಎಚ್‌ಎಫ್‌ಎಲ್, ಜೆಟ್ ಏರ್‌ವೇಸ್ ಯಾವುದೂ ಅದರಲ್ಲಿಲ್ಲ. ಆ ಕಾಲದಲ್ಲಿ ಸ್ಕ್ಯಾನ್ ಓಡಿಸಿದ್ದರೆ ಅಂಥವೂ ಕೆಲವೊಮ್ಮೆ ಪಟ್ಟಿಗೆ ಬಂದಿರುತ್ತಿದ್ದವು. ಗೆದ್ದವರನ್ನು ಮಾತ್ರ ಕೂರಿಸಿ ಓಡಿಸಿದ ಪಂದ್ಯದ ಫಲಿತಾಂಶವನ್ನು ನಂಬಿ ದುಡ್ಡು ಹಾಕಬಾರದು. ಆಯಾ ವರ್ಷದ ಪಟ್ಟಿಯನ್ನು ಹುಡುಕಿ ತೆಗೆಯುವುದು ಬೇಸರದ ಕೆಲಸವೇ. ಅವನು ಆಮೇಲೆ ಕೂತು ಅದನ್ನು ಮಾಡಿದ, ಲಾಭದ ಅಂಕಿ ಇಳಿಯಿತು, ಆದರೆ ಪೂರ್ತಿ ಅಳಿಯಲಿಲ್ಲ. ಅಷ್ಟು ಉಳಿದದ್ದೇ ನಿಜವಾದದ್ದು.

ಅಂಕ ಕೊಡುವ ಬಗೆ

ಎನ್‌ಎಸ್‌ಇ 2020ರಲ್ಲಿ ನಿಫ್ಟಿ 200 ಮೊಮೆಂಟಮ್ 30 ಎಂಬ ಸೂಚ್ಯಂಕ ಆರಂಭಿಸಿತು. ಇದರ ಲೆಕ್ಕ ಹಾಕುವ ಕ್ರಮವನ್ನು ಎಲ್ಲ ಸ್ಕ್ಯಾನ್‌ಪ್ರಿಯರೂ ಒಮ್ಮೆ ಓದಬೇಕು. ಇದರಲ್ಲಿ ಆರ್‌ಎಸ್‌ಐ ಇಲ್ಲ, ಮ್ಯಾಕ್‌ಡಿ ಇಲ್ಲ. ಆರು ತಿಂಗಳ ಏರಿಕೆ, ಹನ್ನೆರಡು ತಿಂಗಳ ಏರಿಕೆ ಎರಡನ್ನೂ ತೆಗೆದುಕೊಂಡು, ಷೇರಿನ ದಿನನಿತ್ಯದ ಏರಿಳಿತದಿಂದ ಭಾಗಿಸುತ್ತಾರೆ. ಎರಡು ಷೇರುಗಳು ವರ್ಷದಲ್ಲಿ ತಲಾ ಶೇ 40 ಏರಿರಲಿ; ಒಂದರ ಏರಿಳಿತ ಇನ್ನೊಂದರ ಅರ್ಧದಷ್ಟಿದ್ದರೆ ಅದರ ಭಾಗಲಬ್ಧ ಎರಡರಷ್ಟು, ಅಂಕವೂ ಹೆಚ್ಚು. ಹಾರಿ ಬಿದ್ದು ಏರಿದ ಷೇರಿಗಿಂತ ಹೆಜ್ಜೆ ಹೆಜ್ಜೆಯಾಗಿ ಏರಿದ ಷೇರಿಗೆ ಮಾನ. ಹೀಗೆ ನಿಫ್ಟಿ 200ರಲ್ಲಿರುವ ಅರ್ಹ ಕಂಪನಿಗಳಿಗೆ ಅಂಕ ಕೊಟ್ಟು, ಮೇಲಿನ 30 ಆರಿಸಿ, ಜೂನ್ ಮತ್ತು ಡಿಸೆಂಬರ್‌ನಲ್ಲಿ ಪಟ್ಟಿ ಬದಲಿಸುತ್ತಾರೆ. ಇಲ್ಲಿ ಪ್ರತಿ ಷೇರನ್ನೂ ಉಳಿದ ಷೇರುಗಳ ಎದುರು ನಿಲ್ಲಿಸಿ ನೋಡಲಾಗುತ್ತದೆ. ಪೇಟೆ ಪೂರ್ತಿ ಏರಿದ ತಿಂಗಳಲ್ಲಿ ‘ಆರ್‌ಎಸ್‌ಐ 60’ರ ಸ್ಕ್ಯಾನ್‌ನಲ್ಲಿ ನೂರಾರು ಷೇರು ಬಂದು ಬೀಳುತ್ತವೆ, ಪೇಟೆ ಬಿದ್ದ ತಿಂಗಳಲ್ಲಿ ಬೆರಳೆಣಿಕೆಯಷ್ಟೇ ಉಳಿಯುತ್ತವೆ. ಅಂಕದ ಪಟ್ಟಿಯಲ್ಲಿ ಯಾವಾಗ ನೋಡಿದರೂ ಮೊದಲ ಸ್ಥಾನದವರು ಇರುತ್ತಾರೆ, ಮೂವತ್ತನೆಯವರೂ ಇರುತ್ತಾರೆ.

ಹಾಗೆಂದು ಇದು ಅಪಾಯವಿಲ್ಲದ ದಾರಿ ಎಂದು ತಿಳಿಯಬೇಡಿ. 2024ರ ಜೂನ್ 4, ಲೋಕಸಭೆ ಚುನಾವಣೆಯ ಮತ ಎಣಿಕೆಯ ದಿನ. ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಶೇ 3ಕ್ಕೂ ಹೆಚ್ಚು ಏರಿದ್ದ ನಿಫ್ಟಿ ಅಂದು ಶೇ 5.9 ಕುಸಿಯಿತು. ತಿಂಗಳುಗಟ್ಟಲೆ ಮೊಮೆಂಟಮ್ ಪಟ್ಟಿಗಳ ತುದಿಯಲ್ಲಿದ್ದ ಸರ್ಕಾರಿ ಕಂಪನಿಗಳಿಗೇ ಹೆಚ್ಚು ಪೆಟ್ಟು. ಎಚ್‌ಎಎಲ್, ಬಿಇಎಲ್ ಎರಡೂ ಒಂದೇ ದಿನ ಶೇ 15ಕ್ಕೂ ಹೆಚ್ಚು ಬಿದ್ದವು. ಹಿಂದಿನ ಸಂಜೆ ಯಾವ ಸೂಚಕವೂ ಇದನ್ನು ಹೇಳಿರಲಿಲ್ಲ, ಹೇಳುವಂತೆಯೂ ಇರಲಿಲ್ಲ. ಹೆದರಿ ಅಂದೇ ಮಾರಿದವರು ಜುಲೈಯಲ್ಲಿ ಅದೇ ಷೇರುಗಳು ಹೊಸ ಎತ್ತರ ಮುಟ್ಟುವುದನ್ನು ನೋಡಿದರು. ಆ ಎತ್ತರದಲ್ಲಿ ಧೈರ್ಯ ತಂದುಕೊಂಡು ಮತ್ತೆ ಕೊಂಡವರು, 2025ರ ಮಾರ್ಚ್ ಹೊತ್ತಿಗೆ ಎಚ್‌ಎಎಲ್ ಅಲ್ಲಿಂದ ಶೇ 40ಕ್ಕೂ ಹೆಚ್ಚು ಕೆಳಗಿಳಿದದ್ದನ್ನು ನೋಡಿದರು. 2024ರ ಸೆಪ್ಟೆಂಬರ್ ಕೊನೆಯಿಂದ ಪೇಟೆ ಇಳಿದಾಗ ಮೊಮೆಂಟಮ್ 30 ಸೂಚ್ಯಂಕ ನಿಫ್ಟಿಗಿಂತ ಬಹಳ ಹೆಚ್ಚು ಬಿತ್ತು.

ಇನ್ನೂ ಕೆಟ್ಟ ಗಳಿಗೆ ಬರುವುದು ಪೇಟೆ ತಳದಿಂದ ತಿರುಗುವಾಗ. ಡೇನಿಯಲ್ ಮತ್ತು ಮಾಸ್ಕೊವಿಟ್ಜ್ 2016ರ ಪ್ರಬಂಧದಲ್ಲಿ ಕೊಟ್ಟಿರುವ ಲೆಕ್ಕ ನೋಡಿ: 2009ರ ಮಾರ್ಚ್‌ನಿಂದ ಮೇವರೆಗೆ ಅಮೆರಿಕದಲ್ಲಿ ಅತಿ ಹೆಚ್ಚು ಬಿದ್ದಿದ್ದ ಷೇರುಗಳ ಗುಂಪು ಶೇ 163 ಏರಿತು, ಅಲ್ಲಿಯವರೆಗೆ ಗೆದ್ದಿದ್ದವುಗಳ ಗುಂಪು ಏರಿದ್ದು ಶೇ 8. ಭೀತಿಯ ಕಾಲದಲ್ಲಿ ಸ್ಕ್ಯಾನ್ ಕೊಡುವ ಪಟ್ಟಿಯಲ್ಲಿ ಔಷಧ, ಸಾಬೂನು, ಸಿಗರೇಟಿನಂಥ ಕಡಿಮೆ ಬಿದ್ದ ಷೇರುಗಳೇ ತುಂಬಿರುತ್ತವೆ. ಪೇಟೆ ತಿರುಗಿದಾಗ ಬ್ಯಾಂಕು, ಉಕ್ಕು, ವಾಹನ ಓಡುತ್ತವೆ, ಪಟ್ಟಿ ಹಿಂದೆ ಉಳಿಯುತ್ತದೆ. ಆ ಮೂರು ತಿಂಗಳು ಸಹಿಸಿಕೊಳ್ಳಲಾಗದವರು ವಿಧಾನವನ್ನೇ ಕೈಬಿಡುತ್ತಾರೆ.

ಕೈಗೆ ಬರುವುದೆಷ್ಟು?

ಖರ್ಚಿನ ಮಾತು ಯಾರಿಗೂ ರುಚಿಸುವುದಿಲ್ಲ, ಆದರೆ ದಿನದ ಸ್ಕ್ಯಾನ್‌ಗೂ ತಿಂಗಳ ಸ್ಕ್ಯಾನ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ ಕಾಣುವುದು. ಡೆಲಿವರಿ ವಹಿವಾಟಿನಲ್ಲಿ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1. ಒಂದು ಲಕ್ಷ ರೂಪಾಯಿಯನ್ನು ವಾರಕ್ಕೊಮ್ಮೆ ಪೂರ್ತಿ ಹೊಸ ಷೇರುಗಳಿಗೆ ಬದಲಿಸುವವರು ವರ್ಷಕ್ಕೆ 50 ಸಲ ಬದಲಿಸಿದರೆ ಈ ಒಂದು ತೆರಿಗೆಯೇ ₹10,000. ಸ್ಟಾಂಪ್ ಶುಲ್ಕ, ಡಿಪಿ ಶುಲ್ಕ, ಕೊಳ್ಳುವ ಮಾರುವ ಬೆಲೆಯ ಅಂತರ ಬೇರೆ. ತಿಂಗಳಿಗೊಮ್ಮೆ ಮೂರನೇ ಒಂದು ಭಾಗ ಬದಲಿಸುವವರಿಗೆ ಅದೇ ತೆರಿಗೆ ₹800. ಇದರ ಮೇಲೆ, ವರ್ಷದೊಳಗೆ ಮಾರಿದ ಲಾಭಕ್ಕೆ 2024ರ ಜುಲೈ 23ರಿಂದ ಶೇ 20 ತೆರಿಗೆ. ವರ್ಷ ದಾಟಿದರೆ ₹1.25 ಲಕ್ಷ ಮೀರಿದ ಲಾಭಕ್ಕೆ ಶೇ 12.5.

ಸೆಬಿ 2024ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2022–23ರಲ್ಲಿ ನಗದು ಪೇಟೆಯಲ್ಲಿ ಇಂಟ್ರಾಡೇ, ಅಂದರೆ ಕೊಂಡ ದಿನವೇ ಮಾರುವ ವಹಿವಾಟು, ಮಾಡಿದ ಹತ್ತು ಮಂದಿಯಲ್ಲಿ ಏಳು ಮಂದಿಗೆ ನಷ್ಟ. ನಷ್ಟವಾದವರು ಆ ನಷ್ಟದ ಶೇ 57ರಷ್ಟನ್ನು ಮತ್ತೆ ವಹಿವಾಟಿನ ಖರ್ಚಾಗಿ ತೆತ್ತಿದ್ದಾರೆ. ಇಂಟ್ರಾಡೇ ಮಾಡುವವರಲ್ಲಿ 30 ವರ್ಷದೊಳಗಿನವರ ಪಾಲು 2018–19ರಲ್ಲಿ ಶೇ 18 ಇದ್ದದ್ದು ಶೇ 48ಕ್ಕೆ ಏರಿದೆ, ಅವರಲ್ಲಿ ನಷ್ಟ ಅನುಭವಿಸಿದವರು ಶೇ 76. ನನ್ನನ್ನು ಕಾಡುವುದು ಈ ಕೊನೆಯ ಅಂಕಿ. ಇವರು ಸೋಮಾರಿಗಳಲ್ಲ. ರಾತ್ರಿ ಕೂತು ಚಾರ್ಟ್ ಓದುತ್ತಾರೆ, ಕೋಡ್ ಬರೆಯುತ್ತಾರೆ, ಸೂಚಕಗಳ ಬಗ್ಗೆ ನನಗಿಂತ ಹೆಚ್ಚು ಬಲ್ಲರು. ಆ ದುಡಿಮೆಯನ್ನೆಲ್ಲ ಹಾಕುತ್ತಿರುವ ಅವಧಿ ತಪ್ಪು.

ಹಾಗಾದರೆ ಹೇಗೆ ಮಾಡಬಹುದು ಎಂದು ಕೇಳಿದವರಿಗೆ ನಾನು ಹೇಳುವ ಕ್ರಮ ಇದು. ತಿಂಗಳ ಕೊನೆಯ ವಹಿವಾಟಿನ ದಿನ, ಪೇಟೆ ಮುಚ್ಚಿದ ಮೇಲೆ ಮಾತ್ರ ಸ್ಕ್ಯಾನ್ ಓಡಿಸಿ. ನಡುಮಧ್ಯಾಹ್ನದ ಕ್ಯಾಂಡಲ್ ಇನ್ನೂ ಅರ್ಧ ಬೆಂದಿರುತ್ತದೆ, ಆಗ ದಾಟಿದ ಗೆರೆ ಸಂಜೆಗೆ ದಾಟದೆಯೂ ಇರಬಹುದು. ವಹಿವಾಟಿನ ಮೊತ್ತದಿಂದ ಮೊದಲು ಸೋಸಿ. 200 ದಿನಗಳ ಸರಾಸರಿಯ ಕೆಳಗಿರುವವನ್ನು ಬಿಡಿ. ಉಳಿದವಕ್ಕೆ ಆರು, ಹನ್ನೆರಡು ತಿಂಗಳ ಏರಿಕೆಯನ್ನು ಏರಿಳಿತದಿಂದ ಭಾಗಿಸಿ ಅಂಕ ಕೊಟ್ಟು ಮೇಲಿನ ಇಪ್ಪತ್ತನ್ನು ಸಮಪಾಲಿನಲ್ಲಿ ಕೊಳ್ಳಿ, ಒಂದೇ ವಲಯದವು ಐದಕ್ಕಿಂತ ಹೆಚ್ಚು ಬೇಡ. ಕೊಳ್ಳುವ ಮುನ್ನ ಪ್ರತಿಯೊಂದರ ಇತ್ತೀಚಿನ ತ್ರೈಮಾಸಿಕ ಫಲಿತಾಂಶವನ್ನೂ ವಿನಿಮಯ ಕೇಂದ್ರಕ್ಕೆ ಕಂಪನಿ ಕೊಟ್ಟ ಪ್ರಕಟಣೆಗಳನ್ನೂ ಓದಿ. ಇಷ್ಟು ಮಾಡಲು ಬಿಡುವಿಲ್ಲದವರಿಗೆ 2021ರಿಂದ ಮೊಮೆಂಟಮ್ 30 ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡ್‌ಗಳಿವೆ, ಅಲ್ಲಿ ಸ್ಕ್ಯಾನರ್ ಮುಟ್ಟುವ ಅಗತ್ಯವೇ ಇಲ್ಲ.

ಮಾರುವ ನಿಯಮವನ್ನು ಕೊಳ್ಳುವ ದಿನವೇ ಬರೆದಿಡಿ. ಇಪ್ಪತ್ತರೊಳಗೆ ಕೊಂಡ ಷೇರು ಮುಂದಿನ ತಿಂಗಳು ಇಪ್ಪತ್ತೆರಡನೆಯದಾಯಿತು ಎಂದು ಮಾರಲು ಹೊರಟರೆ ತೆರಿಗೆ, ಖರ್ಚು ತಿಂದುಹಾಕುತ್ತವೆ. ನಲವತ್ತರವರೆಗೆ ಜಾಗ ಬಿಡಿ. ಇಪ್ಪತ್ತೇಳಕ್ಕೆ ಬಂದರೂ ಇರಲಿ, ಮೂವತ್ತೆಂಟಕ್ಕೆ ಜಾರಿದರೂ ಇರಲಿ. ನಲವತ್ತೊಂದನೆಯದಾದ ತಿಂಗಳು, ಲಾಭವೇ ಇರಲಿ ನಷ್ಟವೇ ಇರಲಿ, ಕಂಪನಿ ಎಷ್ಟೇ ಅಚ್ಚುಮೆಚ್ಚಾಗಿರಲಿ, ಮಾರಿ, ಪಟ್ಟಿಯ ಮೇಲ್ಭಾಗದಲ್ಲಿ ನಿಮ್ಮ ಬಳಿ ಇಲ್ಲದ ಷೇರನ್ನು ಆ ಜಾಗಕ್ಕೆ ತನ್ನಿ.